ಹಳೆಯ ಕಚೇರಿ, ಹೊಸ ಕಟ್ಟಡ, ಊರಿನ ಹಣ



ದತ್ತಿಗೆ ಒಂದು ಒಳ್ಳೆಯ ಕಟ್ಟುಪಾಡಿದೆ. ಮೂಲಧನವನ್ನು ಯಾರೂ ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಮಾತ್ರ ವರ್ಷವರ್ಷವೂ ಕೆಲಸ ನಡೆಯಬೇಕು. ಕೊಟ್ಟವರು ಇಲ್ಲವಾದ ಮೇಲೂ ಕೆಲಸ ನಿಲ್ಲಬಾರದೆಂಬ ಮುಂದಾಲೋಚನೆ ಅದರೊಳಗಿದೆ. ಈ ದತ್ತಿಯ ಉಪನ್ಯಾಸಕ್ಕೆ ಇವತ್ತು ನಾನು ಎತ್ತಿಕೊಂಡ ವಿಷಯ ನಮ್ಮ ಪೌರಸಂಸ್ಥೆಗಳ ಕಟ್ಟಡ. ಅದು ಹಳತಾದಾಗ ಏನು ಮಾಡಬೇಕು, ಹೊಸತಕ್ಕೆ ದುಡ್ಡು ಎಲ್ಲಿಂದ ತರಬೇಕು ಎಂಬ ಪ್ರಶ್ನೆ. ಉಡುಪಿ ನಗರಸಭೆಗೆ ಹೊಸ ಕಟ್ಟಡ ಬೇಕೆಂಬ ಮಾತು ಈ ಊರಿನಲ್ಲಿ ಹಲವು ವರ್ಷಗಳಿಂದ ಇದೆ. ಆದರೆ ಮಾತು ಯಾವಾಗಲೂ ಎಷ್ಟು ಕೋಟಿ, ಎಷ್ಟು ಮಹಡಿ, ಯಾರಿಂದ ಶಿಲಾನ್ಯಾಸ ಎಂಬಲ್ಲಿಂದ ಶುರುವಾಗುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ನಿಮ್ಮ ಮುಂದಿಡಬೇಕೆಂದು ಬಂದಿದ್ದೇನೆ. ಪೌರಾಡಳಿತದ ಲೆಕ್ಕಪತ್ರಗಳ ಜೊತೆಯಲ್ಲೇ ಕೆಲಸದ ವರ್ಷಗಳನ್ನು ಕಳೆದವನು ನಾನು. ಹಾಗಾಗಿ ಮಾತು ಸ್ವಲ್ಪ ಲೆಕ್ಕದ ಕಡೆ ವಾಲಿದರೆ ಸಹಿಸಿಕೊಳ್ಳಬೇಕು.

ಪೌರಸಂಸ್ಥೆಯ ಹಿರಿಮೆ ಅದರ ಗೋಡೆಗಳಲ್ಲಿಲ್ಲ, ತೀರ್ಮಾನಗಳಲ್ಲಿದೆ. ಇದನ್ನು ಉಡುಪಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. 1968ರಲ್ಲಿ ಡಾ. ವಿ.ಎಸ್. ಆಚಾರ್ಯರು ಇಲ್ಲಿನ ಪುರಸಭೆಯ ಅಧ್ಯಕ್ಷರಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲಾಯಿತು. ದೇಶದ ಕಾನೂನು ಅಲ್ಲಿಗೆ ಬಂದು ಮುಟ್ಟಲು ಮುಂದೆ ಎರಡೂವರೆ ದಶಕ ಬೇಕಾಯಿತು. ಅಂಥ ತೀರ್ಮಾನಕ್ಕೆ ಹವಾನಿಯಂತ್ರಿತ ಸಭಾಂಗಣ ಬೇಕಾಗಿರಲಿಲ್ಲ, ಎದೆಗಾರಿಕೆ ಬೇಕಿತ್ತು. ಆದರೂ ಗೋಡೆಗಳನ್ನು ಕಡೆಗಣಿಸುವಂತಿಲ್ಲ. ಊರಿನ ಪ್ರತಿಯೊಬ್ಬರ ಜನನ ಮರಣದ ದಾಖಲೆ, ಮನೆಯ ಖಾತೆ, ಕಟ್ಟಡದ ಪರವಾನಿಗೆ, ನೀರಿನ ಸಂಪರ್ಕದ ಕಡತ ಇರುವುದು ಆ ಗೋಡೆಗಳ ಒಳಗೆ.

ಕರಾವಳಿಯ ಸ್ಥಳೀಯ ಸಂಸ್ಥೆಯೊಂದರ ರೆಕಾರ್ಡು ರೂಮಿಗೆ ಆಷಾಢದಲ್ಲಿ ಒಮ್ಮೆ ಹೋಗಿದ್ದೆ. ಊರಿನ ಹೆಸರು ಬೇಡ. ಮರದ ಕಪಾಟುಗಳ ಮೇಲೆ ನೀಲಿ ಟಾರ್ಪಾಲು ಹೊದೆಸಿದ್ದರು. ಅದರ ಗುಳಿಯಲ್ಲಿ ಮೇಲಿನಿಂದ ತೊಟ್ಟಿಕ್ಕಿದ ನೀರು ನಿಂತಿತ್ತು. ಕೆಳಗಿನ ಸಾಲಿನ ರಿಜಿಸ್ಟರುಗಳ ಬೆನ್ನಿಗೆ ಬೂಷ್ಟು ಹಿಡಿದು ಹಸಿರಾಗಿತ್ತು. ಹಳೆಯ ಜನನ ನೋಂದಣಿ ಪುಸ್ತಕವೊಂದನ್ನು ಗುಮಾಸ್ತೆ ಎರಡೂ ಕೈಯಲ್ಲಿ ಹಸುಗೂಸಿನಂತೆ ಎತ್ತಿ ಮೇಜಿನ ಮೇಲಿಟ್ಟು, ಒಂದಕ್ಕೊಂದು ಅಂಟಿದ ಹಾಳೆಗಳನ್ನು ಸ್ಕೇಲಿನಿಂದ ನಿಧಾನವಾಗಿ ಬಿಡಿಸಿದರು. ಒಂದು ಪುಟದ ಶಾಯಿ ಎದುರಿನ ಪುಟಕ್ಕೆ ಇಳಿದು ಎರಡು ಹೆಸರುಗಳು ಒಂದರ ಮೇಲೊಂದು ಬಿದ್ದಿದ್ದವು. ಪಾಸ್‌ಪೋರ್ಟಿಗೋ ಪಿಂಚಣಿಗೋ ಆಸ್ತಿಪಾಲಿಗೋ ಆ ಪುಟವೇ ಆಧಾರವಾಗಿರುವವರು ಯಾರೋ ಇರುತ್ತಾರೆ. ಕಟ್ಟಡ ಸೋರುತ್ತದೆ ಎಂದರೆ ನೌಕರರಿಗೆ ಕಿರಿಕಿರಿ ಎಂದಷ್ಟೇ ನಾವು ತಿಳಿಯುತ್ತೇವೆ. ಅಲ್ಲಿ ಕರಗುತ್ತಿರುವುದು ಊರಿನವರ ಹಕ್ಕು.

ಕಟ್ಟಡ ಚಿಕ್ಕದಾಗುವುದಕ್ಕೂ ಹಳತಾಗುವುದಕ್ಕೂ ಕಾರಣ ಬೇರೆ ಬೇರೆ. ಎರಡನ್ನೂ ಕಲಸಿಬಿಟ್ಟರೆ ಯೋಜನೆ ಅಲ್ಲೇ ದಾರಿ ತಪ್ಪುತ್ತದೆ. ಉಡುಪಿ ಪುರಸಭೆ 1990ರ ದಶಕದಲ್ಲಿ ನಗರಸಭೆಯಾದಾಗ ಮಲ್ಪೆಯ ಕಡಲತಡಿಯಿಂದ ಮಣಿಪಾಲದ ಗುಡ್ಡದವರೆಗಿನ ಪ್ರದೇಶ ಒಂದೇ ಆಡಳಿತಕ್ಕೆ ಬಂತು. ಈಗ 35 ವಾರ್ಡುಗಳು. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 1.45 ಲಕ್ಷ. ಮಣಿಪಾಲದಲ್ಲಿ ಓದಲು ಬಂದು ನಾಲ್ಕೈದು ವರ್ಷ ನಿಲ್ಲುವ ವಿದ್ಯಾರ್ಥಿಗಳ ಕಸವನ್ನೂ ನೀರನ್ನೂ ಚರಂಡಿಯನ್ನೂ ನೋಡಿಕೊಳ್ಳುವುದು ಇದೇ ನಗರಸಭೆ. ಕಾಪುವಿನ ಕಥೆ ಇನ್ನೂ ಇತ್ತೀಚಿನದು. ಕಾಪು, ಮಲ್ಲಾರು, ಉಳಿಯಾರಗೋಳಿ ಗ್ರಾಮ ಪಂಚಾಯತುಗಳು ಸೇರಿ ಪುರಸಭೆಯಾಯಿತು, ಹಿಂದೆಯೇ ಕಾಪು ತಾಲೂಕೂ ಆಯಿತು. ಸರಕಾರದ ಒಂದು ಅಧಿಸೂಚನೆ ಸಾಕು, ಊರಿನ ಗಡಿ ಹಿಗ್ಗುತ್ತದೆ. ಕಚೇರಿ ಮಾತ್ರ ತಾನಾಗಿ ಹಿಗ್ಗುವುದಿಲ್ಲ. ಮುಂದೆ ಉಡುಪಿ ಮಹಾನಗರ ಪಾಲಿಕೆಯಾಗಬೇಕೆಂಬ ಮಾತೂ ಕೇಳಿಬರುತ್ತಿದೆ. ಆ ತೀರ್ಮಾನ ಆಗುವ ಮೊದಲೇ ಕಟ್ಟಿದರೆ ಚಿಕ್ಕದಾಗಬಹುದು. ಅದಕ್ಕೆಂದೇ ಕಾದರೆ ಕಟ್ಟುವ ಕಾಲ ಬರದೆಯೂ ಹೋಗಬಹುದು. ಇವತ್ತಿಗೆ ಬೇಕಾದಷ್ಟು ಕಟ್ಟಿ, ಪಕ್ಕಕ್ಕೆ ಬೆಳೆಸಲು ಜಾಗವನ್ನೂ ಅಡಿಪಾಯದ ಲೆಕ್ಕವನ್ನೂ ಕಾದಿರಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಇನ್ನು ಹಳತಾಗುವ ಮಾತು. ನಮ್ಮ ಹಿರಿಯರು ಇಲ್ಲಿನ ಮಳೆಗೆ ಉತ್ತರ ಕಂಡುಕೊಂಡಿದ್ದರು. ಕೆಂಪುಕಲ್ಲಿನ ದಪ್ಪ ಗೋಡೆ, ಇಳಿಜಾರಿನ ಹಂಚಿನ ಮಾಡು, ಗೋಡೆಯಿಂದ ಮುಂದೆ ಚಾಚಿದ ಸೂರು, ಸುತ್ತ ಜಗಲಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು, ಆಮೇಲೆ ನಮ್ಮ ಮಲ್ಪೆಯಲ್ಲೂ ತೆರೆದರು. ಅಲ್ಲಿಂದ ಶಾಲೆ, ಕಚೇರಿ, ಠಾಣೆಗಳೆಲ್ಲ ಹಂಚು ಹೊದ್ದವು. ಒಂದು ಹಂಚು ಒಡೆದರೆ ಒಂದನ್ನೇ ಬದಲಿಸಿದರೆ ಸಾಕಿತ್ತು. ಸ್ವಾತಂತ್ರ್ಯದ ನಂತರ ಕಾಂಕ್ರೀಟಿನ ತಾರಸಿ ಬಂತು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ಸಪಾಟು ತಾರಸಿ ಕಟ್ಟಿದೆವು. ಹತ್ತು ಹದಿನೈದು ವರ್ಷ ಕಳೆದ ಮೇಲೆ ಅದರ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟು ಹಾಕಿಸಿದೆವು. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿ, ಸರಕಾರಿ ಕಟ್ಟಡವಿರಲಿ ಖಾಸಗಿ ಕಟ್ಟಡವಿರಲಿ, ತಾರಸಿಯ ಮೇಲೊಂದು ಶೀಟಿನ ಮಾಡು ಇದ್ದೇ ಇರುತ್ತದೆ. ಒಂದೇ ಕಟ್ಟಡಕ್ಕೆ ಎರಡು ಸಲ ಮಾಡು ಕಟ್ಟಿ ಎರಡು ಸಲ ಖರ್ಚು ಮಾಡುತ್ತಿದ್ದೇವೆ.

ಸೋರಿಕೆಗಿಂತ ಅಪಾಯದ್ದು ಕಣ್ಣಿಗೆ ಬೀಳದ ತುಕ್ಕು. ಕಡಲ ಗಾಳಿಯಲ್ಲಿರುವ ಉಪ್ಪಿನಂಶ ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ಇಳಿದು ಒಳಗಿನ ಸರಳಿಗೆ ತಲುಪುತ್ತದೆ. ಹಳೆಯ ದಿನಗಳಲ್ಲಿ ಅಳಿವೆ ಬಾಗಿಲಿನ ಹೊಯಿಗೆಯನ್ನು ಸರಿಯಾಗಿ ತೊಳೆಯದೆ ಬಳಸಿದ್ದರೆ ಉಪ್ಪು ಮೊದಲೇ ಒಳಗಿರುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ, ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಸ್ಲ್ಯಾಬಿನ ಅಡಿಯಲ್ಲಿ ಸರಳಿನ ಉದ್ದಕ್ಕೂ ಕಂದು ಗೆರೆ, ಆಮೇಲೆ ಬಿರುಕು, ಆಮೇಲೆ ಅಂಗೈಯಗಲದ ಚಕ್ಕೆ ಮೇಜಿನ ಮೇಲೆ. ಅದಕ್ಕೆ ಸಿಮೆಂಟು ಮೆತ್ತಿ ಬಣ್ಣ ಬಳಿದರೆ ಮುಂದಿನ ಮಳೆಗಾಲದವರೆಗೆ ಕಾಣಿಸುವುದಿಲ್ಲ. ಭಾರತೀಯ ಮಾನಕದ ಐ.ಎಸ್. 456 ಸಂಹಿತೆ ಕರಾವಳಿಯ ಗಾಳಿಗೆ ತೆರೆದುಕೊಂಡ ಕಾಂಕ್ರೀಟನ್ನು ‘ತೀವ್ರ’ ವರ್ಗದಲ್ಲಿ ಇಡುತ್ತದೆ. ಅಂಥಲ್ಲಿ ಕಡಿಮೆಯೆಂದರೂ ಎಂ-30 ದರ್ಜೆಯ ಕಾಂಕ್ರೀಟು, ಸರಳಿನ ಹೊರಗೆ 45 ಮಿಲಿಮೀಟರು ಹೊದಿಕೆ ಬೇಕು. ಹೊಸ ಕಟ್ಟಡದ ಅಂದಾಜುಪಟ್ಟಿ ಬಂದಾಗ ಸದಸ್ಯರು ಮುಂಭಾಗದ ಗಾಜಿನ ಬಣ್ಣ ಕೇಳುವ ಮೊದಲು ಈ ಎರಡು ಸಂಖ್ಯೆಗಳನ್ನು ಕೇಳಬೇಕು.

ಹಾಗಾದರೆ ಹಳತೆಲ್ಲ ಕೆಡವಬೇಕೇ? ಖಂಡಿತ ಇಲ್ಲ. ಕೆಡವುವ ಮಾತು ಎತ್ತುವ ಮೊದಲು ಪರೀಕ್ಷೆ ಆಗಬೇಕು. ಸುತ್ತಿಗೆಯಂಥ ಉಪಕರಣದಿಂದ ಮೇಲ್ಮೈಯ ಗಟ್ಟಿತನ, ಶಬ್ದತರಂಗ ಹಾಯಿಸಿ ಒಳಗಿನ ಪೊಳ್ಳು, ಸರಳಿನ ತುಕ್ಕು, ಕೊರೆದು ತೆಗೆದ ತುಂಡಿನ ಬಲ ಇವೆಲ್ಲ ಇವತ್ತು ಅಳೆಯಬಹುದಾದ ಸಂಗತಿಗಳು. ಅಳೆಯುವವರೂ ದೂರವಿಲ್ಲ. ಮಣಿಪಾಲದಲ್ಲಿ 1957ರಿಂದ ತಾಂತ್ರಿಕ ಕಾಲೇಜಿದೆ, ಸುರತ್ಕಲ್ಲಿನಲ್ಲಿ 1960ರಿಂದ ಈಗ ಎನ್‌.ಐ.ಟಿ.ಕೆ. ಎನಿಸಿರುವ ಸಂಸ್ಥೆಯಿದೆ. ವರದಿ ದುರಸ್ತಿ ಸಾಕು ಎಂದರೆ ದುರಸ್ತಿಗೆ ಒಪ್ಪುವ ಮನಸ್ಸೂ ನಮಗಿರಬೇಕು. ಕಾರ್ಕಳದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. 1432ರಲ್ಲಿ ನಿಂತ ಗೊಮ್ಮಟ, 1586ರ ಚತುರ್ಮುಖ ಬಸದಿ ನಿತ್ಯ ಕಣ್ಣೆದುರಿಗಿರುವ ಊರು ಅದು. ಕಾಪುವಿನಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಶತಮಾನ ದಾಟಿಯೂ ಕಡಲಿನ ಉಪ್ಪುಗಾಳಿಗೆ ಎದೆಯೊಡ್ಡಿ ನಿಂತಿದೆ. ಅದನ್ನು ಉಳಿಸಿದ್ದು ಬರೀ ಕಲ್ಲಿನ ಗಟ್ಟಿತನವಲ್ಲ, ಅದರ ಉಸ್ತುವಾರಿಗೆ ಸದಾ ಒಂದು ಇಲಾಖೆ ಇತ್ತು.

ಪರೀಕ್ಷೆಯನ್ನೂ ತೀರ್ಮಾನವನ್ನೂ ಮುಂದೂಡುತ್ತ ಹೋದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರು ಸಾಕ್ಷಿ. ಅಲ್ಲಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿತ್ತು. ಉಳಿಸಬೇಕೆ, ಕೆಡವಿ ಅದೇ ಮಾದರಿಯಲ್ಲಿ ಕಟ್ಟಬೇಕೆ ಎಂಬ ವಾದ ಸಮಿತಿಯಿಂದ ಸಮಿತಿಗೆ, ಆಮೇಲೆ ನ್ಯಾಯಾಲಯಕ್ಕೆ ಹೋಗಿ ವರ್ಷಗಳೇ ಉರುಳಿದವು. ಎರಡು ಪಕ್ಷದವರ ಕಾಳಜಿಯೂ ನಿಜವಾದದ್ದೇ. ಆದರೆ ವಾದ ನಡೆಯುತ್ತಿದ್ದಾಗ ಮಳೆ ನಿಲ್ಲಲಿಲ್ಲ, ವ್ಯಾಪಾರಿಗಳು ಅದೇ ಮಾಡಿನ ಕೆಳಗೆ ಕೂತಿದ್ದರು. ದೂರದ ಜಪಾನಿನ ಕುಮಾಮೊಟೊ ಪ್ರಾಂತದಲ್ಲಿ ಉಟೊ ಎಂಬ ಸಣ್ಣ ಊರಿದೆ. 1965ರಲ್ಲಿ ಕಟ್ಟಿದ ಅದರ ಐದು ಮಹಡಿಯ ನಗರ ಕಚೇರಿ ಭೂಕಂಪಕ್ಕೆ ನಿಲ್ಲಲಾರದೆಂದು ತಜ್ಞರು ಮೊದಲೇ ಹೇಳಿದ್ದರು. ಹೊಸತನ್ನು ಕಟ್ಟುವುದು ಮುಂದಕ್ಕೆ ಹೋಗುತ್ತಲೇ ಇತ್ತು. 2016ರ ಏಪ್ರಿಲಿನ ಭೂಕಂಪದಲ್ಲಿ ನಾಲ್ಕನೆಯ ಮಹಡಿ ಅಪ್ಪಚ್ಚಿಯಾಯಿತು. ಅದು ನಡುರಾತ್ರಿ ಕಳೆದ ಹೊತ್ತು, ಹಾಗಾಗಿ ಅಲ್ಲಿ ಯಾರ ಜೀವವೂ ಹೋಗಲಿಲ್ಲ. ಆದರೆ ಊರಿಗೆ ಊರೇ ಸಂಕಟದಲ್ಲಿದ್ದಾಗ ನೆರವು ಹಂಚಬೇಕಾದ ಕಚೇರಿಯೇ ಇರಲಿಲ್ಲ. ನಮ್ಮಲ್ಲಿ 2020ರ ಸೆಪ್ಟೆಂಬರ್ 20ರಂದು ಏನಾಯಿತೆಂದು ಇಲ್ಲಿರುವವರಿಗೆ ನೆನಪಿದೆ. ಒಂದು ರಾತ್ರಿಯ ಮಳೆಗೆ ಕಲ್ಸಂಕ, ಬನ್ನಂಜೆ, ಬೈಲಕೆರೆ ನೀರಿನಲ್ಲಿ ಮುಳುಗಿ, ಜನರನ್ನು ದೋಣಿಯಲ್ಲಿ ದಾಟಿಸಬೇಕಾಯಿತು. ಅಂಥ ದಿನ ನಗರಸಭೆಯ ಕಚೇರಿಗೆ ಕರೆಂಟು ಇರಬೇಕು, ಫೋನು ಇರಬೇಕು, ಅದರ ಮೆಟ್ಟಿಲಿಗೆ ನೀರು ಬರಬಾರದು.

ಜಾಗದ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಈಗಿನ ಕಚೇರಿ ಇರುವುದು ಕವಿ ಮುದ್ದಣ ಮಾರ್ಗದಲ್ಲಿ, ಪೇಟೆಯ ನಡುವೆ, ಬಸ್ ನಿಲ್ದಾಣದಿಂದ ಕಾಲ್ನಡಿಗೆಯ ದೂರದಲ್ಲಿ. ಜಿಲ್ಲಾಧಿಕಾರಿ ಕಚೇರಿ ಮಣಿಪಾಲದ ರಜತಾದ್ರಿಗೆ ಹೋಯಿತು. ಅಲ್ಲಿ ಜಾಗ ವಿಶಾಲವಾಗಿದೆ, ಮುಳುಗುವ ಭಯವಿಲ್ಲ. ಆದರೆ ಅಲ್ಲಿಗೆ ಹೋಗುವ ಬಸ್ಸಿನ ದುಡ್ಡೂ ಅರ್ಧ ದಿನದ ಕೂಲಿಯೂ ಅರ್ಜಿದಾರನ ಲೆಕ್ಕಕ್ಕೆ ಸೇರುತ್ತದೆ. ಯೋಜನಾ ವರದಿಯಲ್ಲಿ ಈ ಖರ್ಚು ಎಲ್ಲೂ ಕಾಣುವುದಿಲ್ಲ. ಜಿಲ್ಲಾ ಕಚೇರಿಗೆ ಜನ ವರ್ಷಕ್ಕೊಮ್ಮೆ ಹೋದಾರು, ನಗರಸಭೆಗೆ ಮತ್ತೆ ಮತ್ತೆ ಬರುತ್ತಾರೆ. ಪೇಟೆಯ ನಡುವೆಯೇ, ತಗ್ಗಿಲ್ಲದ ಕಡೆ ಸರಕಾರಿ ಜಾಗ ಸಿಗುವವರೆಗೆ ಹುಡುಕಬೇಕು. ಆಸ್ತಿ ತೆರಿಗೆ, ಖಾತೆ, ಕಟ್ಟಡ ಪರವಾನಿಗೆ ಆನ್‌ಲೈನ್ ಆದ ಮೇಲೆ ಅಷ್ಟು ದೊಡ್ಡ ಕಚೇರಿಯೇ ಬೇಕಾಗದು ಎಂಬ ವಾದವಿದೆ. ಅದರಲ್ಲಿ ಹುರುಳಿದೆ. ಕೋಣೆಗಳು ಕಡಿಮೆ ಸಾಕು. ಆದರೆ ಕಂಪ್ಯೂಟರಿನಲ್ಲಿ ಹೆಸರು ತಪ್ಪಾದವರು, ಮೊಬೈಲು ಬಳಸಲು ಬಾರದ ಹಿರಿಯರು ಮುಖಾಮುಖಿ ಬಂದೇ ಬರುತ್ತಾರೆ. ಅವರಿಗೆ ನೆಲ ಅಂತಸ್ತಿನಲ್ಲೇ ಕೂತು ಕಾಯಲು ಒಂದು ದೊಡ್ಡ ಚಾವಡಿ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ಐದು ವರ್ಷಗಳೊಳಗೆ ಎಲ್ಲರೂ ಪ್ರವೇಶಿಸುವಂತೆ ಮಾಡಬೇಕೆಂದಿತು. ಆ ಗಡುವು ದಾಟಿಹೋಗಿದೆ.

ಕೆಡವಿ ಕಟ್ಟುವ ಎರಡು ಮೂರು ವರ್ಷ ಕಚೇರಿ ಎಲ್ಲಿರಬೇಕು? ನಮ್ಮ ಯೋಜನೆಗಳು ಅತಿ ಹೆಚ್ಚು ಕಡೆಗಣಿಸುವ ಪ್ರಶ್ನೆ ಇದು. ತುಳುನಾಡಿನವರಾದ ನಮಗೆ ಉತ್ತರ ಹೊರಗೆ ಹುಡುಕಬೇಕಿಲ್ಲ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೈ ಹಾಕುವಾಗ ಮೊದಲು ಬಾಲಾಲಯ ಕಟ್ಟುತ್ತೇವೆ. ದೇವರನ್ನು ಅಲ್ಲಿ ಇರಿಸಿ, ನಿತ್ಯಪೂಜೆಗೆ ಒಂದು ದಿನವೂ ಲೋಪ ಬಾರದಂತೆ ನೋಡಿಕೊಂಡ ಮೇಲೆಯೇ ಹಳೆಯ ಗುಡಿಗೆ ಹಾರೆ ತಾಗಿಸುತ್ತೇವೆ. ಬ್ರಹ್ಮಕಲಶದ ದಿನ ಗೊತ್ತಾದರೆ ಕೆಲಸ ಆ ದಿನಕ್ಕೆ ಮುಗಿಯಲೇಬೇಕು. ಕಾಪುವಿನ ಹೊಸ ಮಾರಿಗುಡಿ ಇಳಕಲ್ಲಿನ ಕೆಂಪು ಶಿಲೆಯಲ್ಲಿ ಹೊಸದಾಗಿ ಎದ್ದು 2025ರಲ್ಲಿ ಬ್ರಹ್ಮಕಲಶ ಕಂಡದ್ದನ್ನು ನಾವೆಲ್ಲ ನೋಡಿದ್ದೇವೆ. ಊರಿನವರು, ಮುಂಬಯಿಯವರು, ಗಲ್ಫಿನವರು ಸೇರಿ ಕೊಟ್ಟ ಹಣ, ರಶೀದಿ, ಸಮಿತಿ, ಗಡುವು. ದೊಡ್ಡ ಕಟ್ಟಡ ಕಟ್ಟುವ ಶಿಸ್ತು ಈ ನೆಲದವರಿಗೆ ಗೊತ್ತು. ಅದೇ ಶಿಸ್ತನ್ನು ನಗರಸಭೆಯ ವಿಷಯದಲ್ಲೂ ಒತ್ತಾಯಿಸಿ ಕೇಳಬೇಕಷ್ಟೆ. ತಾತ್ಕಾಲಿಕ ಕಚೇರಿಯ ಬಾಡಿಗೆ, ಕಡತಗಳ ಸಾಗಾಟ, ಹಳೆಯ ರಿಜಿಸ್ಟರುಗಳ ಸ್ಕ್ಯಾನಿಂಗ್ ಇವು ಅಂದಾಜುಪಟ್ಟಿಯ ಮೊದಲ ಪುಟದಲ್ಲೇ ಇರಬೇಕು. ಮಂಗಳೂರಿನ ಸೆಂಟ್ರಲ್ ಮಾರ್ಕೆಟನ್ನು 2020ರಲ್ಲಿ ಮುಚ್ಚಿದಾಗ ವ್ಯಾಪಾರಿಗಳು ಬೈಕಂಪಾಡಿಯ ಎ.ಪಿ.ಎಂ.ಸಿ.ಗೆ ಹೋಗಬೇಕಾಗಿ ಬಂದು ಪಟ್ಟ ಪಾಡನ್ನು ಪಕ್ಕದ ಊರಿನವರಾದ ನಾವು ಮರೆಯಬಾರದು.

ಈಗ ಹಣದ ಮಾತು.

ನಮ್ಮ ಸ್ಥಳೀಯ ಸಂಸ್ಥೆಗಳ ಕೈಗೆ ಬರುವ ಹಣದ ಬಹುಪಾಲು ಹೆಸರು ಬರೆದುಕೊಂಡೇ ಬರುತ್ತದೆ. 15ನೆಯ ಹಣಕಾಸು ಆಯೋಗ ಸಣ್ಣ ಮತ್ತು ಮಧ್ಯಮ ನಗರಗಳಿಗೆ ಕೊಡಿಸಿದ ಅನುದಾನದಲ್ಲಿ ಶೇ. 60 ಭಾಗ ಕುಡಿಯುವ ನೀರು, ನೈರ್ಮಲ್ಯ, ಕಸ ವಿಲೇವಾರಿಗೆಂದೇ ಮೀಸಲಾಗಿತ್ತು. ಅದು ಸರಿಯಾದ ನೀತಿ. ಕಚೇರಿ ಕಟ್ಟಲೆಂದು ನೀರಿನ ಹಣ ಕಡಿಯಬಾರದು. ಉಳಿದದ್ದಕ್ಕೆ ರಸ್ತೆ, ಚರಂಡಿ, ದೀಪ ಬಾಯಿ ತೆರೆದು ಕೂತಿರುತ್ತವೆ. ಹಾಗಾಗಿ ಕಟ್ಟಡವೆಂದ ಕೂಡಲೇ ನಾವು ಬೆಂಗಳೂರಿನ ಕಡೆ ನೋಡುತ್ತೇವೆ. ರಾಜ್ಯದ ನಗರೋತ್ಥಾನ ಯೋಜನೆ, ವಿಶೇಷ ಅನುದಾನ, ಶಾಸಕರ ಪ್ರಯತ್ನ. ಬಂದರೆ ಒಳ್ಳೆಯದೇ, ಅದು ಕೂಡ ನಮ್ಮದೇ ತೆರಿಗೆ. ಆದರೆ ಅನುದಾನ ಕಂತಿನಲ್ಲಿ ಬರುತ್ತದೆ, ಸರಕಾರ ಬದಲಾದರೆ ನಿಲ್ಲುತ್ತದೆ. ಮೊದಲ ಕಂತಿನಲ್ಲಿ ಕಂಬಗಳೆದ್ದು, ಎರಡನೆಯ ಕಂತಿಗೆ ಕಾದು ಸರಳುಗಳು ಮಳೆಯಲ್ಲಿ ನೆನೆದು ಕೆಂಪಾದ ಕಟ್ಟಡಗಳು ರಾಜ್ಯದ ತುಂಬ ಇವೆ. ಹಾಗೆ ತುಕ್ಕು ಹಿಡಿದ ಸರಳಿನ ಮೇಲೆಯೇ ಮುಂದೆ ಕಾಂಕ್ರೀಟು ಸುರಿಯುತ್ತಾರೆ.

ಎರಡನೆಯ ದಾರಿ ಕೆಳಗೆ ಅಂಗಡಿ, ಮೇಲೆ ಕಚೇರಿ. ಕೇಂದ್ರದ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಅಭಿವೃದ್ಧಿ ಯೋಜನೆ 1979ರಲ್ಲಿ ಬಂದ ಮೇಲೆ ಊರೂರಲ್ಲಿ ಇಂಥ ವಾಣಿಜ್ಯ ಸಂಕೀರ್ಣಗಳಾದವು. ಬಾಡಿಗೆಯಿಂದ ಸಾಲ ತೀರಿಸುವ ಲೆಕ್ಕ. ಕಾಗದದಲ್ಲಿ ಚೆನ್ನಾಗಿಯೇ ಇತ್ತು. ಆಚರಣೆಯಲ್ಲಿ ಹರಾಜಿನಲ್ಲಿ ಪಡೆದವರು ಒಬ್ಬರು, ವ್ಯಾಪಾರ ಮಾಡುವವರು ಇನ್ನೊಬ್ಬರು, ಬಾಡಿಗೆ ಹಳೆಯ ದರದಲ್ಲೇ ನಿಂತು, ಏರಿಸಲು ಹೋದರೆ ತಡೆಯಾಜ್ಞೆ. ಮರುಹರಾಜಿನ ಷರತ್ತನ್ನು ಕಟ್ಟುನಿಟ್ಟಾಗಿ ನಡೆಸುವ ಧೈರ್ಯವಿರುವ ಪರಿಷತ್ತಿಗೆ ಮಾತ್ರ ಈ ದಾರಿ ಸಲ್ಲುತ್ತದೆ.

ಮೂರನೆಯದು ಖಾಸಗಿ ಸಹಭಾಗಿತ್ವ. ಇದರ ಬಗ್ಗೆ ಉಡುಪಿಗೆ ಸ್ವಂತ ಅನುಭವವೇ ಇದೆ, ಹಾಗಾಗಿ ಸ್ವಲ್ಪ ನಿಂತು ನೋಡಬೇಕು. ಹಾಜಿ ಅಬ್ದುಲ್ಲಾ ಸಾಹೇಬರು ಈ ಊರಿನ ದೊಡ್ಡ ದಾನಿ. 1906ರಲ್ಲಿ ಇಲ್ಲಿ ಹುಟ್ಟಿದ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕಿನ ಸ್ಥಾಪಕರು. ಪೇಟೆಯ ನಡುವಿನ ತಮ್ಮ ಜಾಗವನ್ನು ತಾಯಂದಿರ ಮತ್ತು ಮಕ್ಕಳ ಆಸ್ಪತ್ರೆಗಾಗಿ ಬಿಟ್ಟುಕೊಟ್ಟವರು. ಆ ಸರಕಾರಿ ಆಸ್ಪತ್ರೆಯ ಕಟ್ಟಡ ಹಳತಾಗಿ ಸಾಲದೆ ಬಂದಾಗ ಖಾಸಗಿ ಸಂಸ್ಥೆಯೊಂದರ ಜೊತೆ ಒಪ್ಪಂದವಾಯಿತು. ಜಾಗದ ಒಂದು ಭಾಗದಲ್ಲಿ ಸಂಸ್ಥೆ 200 ಹಾಸಿಗೆಯ ಆಸ್ಪತ್ರೆ ಕಟ್ಟಿ ಉಚಿತವಾಗಿ ನಡೆಸಬೇಕು, ಇನ್ನೊಂದು ಭಾಗದಲ್ಲಿ ತನ್ನದೇ ಆಸ್ಪತ್ರೆ ಕಟ್ಟಿಕೊಳ್ಳಬಹುದು. ದಾನದ ಜಾಗವನ್ನು ಹೀಗೆ ಕೊಡಬಾರದೆಂದು ಊರಿನಲ್ಲಿ ಪ್ರತಿಭಟನೆಯೂ ನಡೆಯಿತು. 2017ರ ನವೆಂಬರಿನಲ್ಲಿ ಹೊಸ ಆಸ್ಪತ್ರೆ ತೆರೆಯಿತು. ಸಾವಿರಾರು ಬಾಣಂತಿಯರಿಗೆ ಅದರಿಂದ ಉಪಕಾರವಾಯಿತು, ಅದನ್ನು ಕೃತಜ್ಞತೆಯಿಂದಲೇ ಹೇಳಬೇಕು. ಆದರೆ ಕೆಲವೇ ವರ್ಷಗಳಲ್ಲಿ ಸಂಸ್ಥೆಯ ಮೂಲ ಉದ್ಯಮ ವಿದೇಶದಲ್ಲಿ ಮುಗ್ಗರಿಸಿತು. ಸಿಬ್ಬಂದಿಗೆ ಸಂಬಳ ಬಾಕಿಯಾಗಿ ಅವರು ಧರಣಿ ಕೂರಬೇಕಾಯಿತು. 2022ರಲ್ಲಿ ಸರಕಾರವೇ ಆಸ್ಪತ್ರೆಯನ್ನು ವಹಿಸಿಕೊಂಡಿತು. ಕಟ್ಟಿಸಿಕೊಟ್ಟವರ ಮನಸ್ಸು ಒಳ್ಳೆಯದಿದ್ದರೂ ಅವರ ಉದ್ಯಮದ ಏಳುಬೀಳಿಗೆ ಸಾರ್ವಜನಿಕ ಕಟ್ಟಡವನ್ನು ಕಟ್ಟಿಹಾಕಬಾರದೆಂದು ನಾನು ಇದರಿಂದ ಕಲಿತೆ. ನಗರಸಭೆಯ ಜಾಗವನ್ನು ಮೂವತ್ತು ವರ್ಷದ ಗುತ್ತಿಗೆಗೆ ಕೊಟ್ಟು, ಪ್ರತಿಯಾಗಿ ಕಟ್ಟಡ ಪಡೆಯುವ ಪ್ರಸ್ತಾಪ ಯಾರಾದರೂ ತಂದರೆ, ಆ ಸಂಸ್ಥೆ ಹತ್ತನೆಯ ವರ್ಷಕ್ಕೆ ಮುಳುಗಿದರೆ ಏನು ಗತಿ ಎಂಬ ಷರತ್ತನ್ನು ಮೊದಲು ಓದಬೇಕು.

ನಾಲ್ಕನೆಯದು ಸಾಲ. ಸಾಲವೆಂದರೆ ನಮ್ಮ ಸದಸ್ಯರು ಹಿಂಜರಿಯುತ್ತಾರೆ. ಆದರೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನ ನೀರು ಮತ್ತು ಒಳಚರಂಡಿ ಕಾಮಗಾರಿಗಳು ಉಡುಪಿಯಲ್ಲಿ ಎರಡು ದಶಕಗಳಿಂದ ನಡೆದಿವೆ. ಬೆಂಗಳೂರು ಮಹಾನಗರ ಪಾಲಿಕೆ 1997ರಲ್ಲಿಯೇ 125 ಕೋಟಿ ರೂಪಾಯಿಯ ಬಾಂಡು ಹೊರಡಿಸಿ ದೇಶದಲ್ಲೇ ಮೊದಲನೆಯದಾಯಿತು. 2005ರಲ್ಲಿ ಬೆಂಗಳೂರಿನ ಸುತ್ತಲಿನ ಎಂಟು ಪೌರಸಂಸ್ಥೆಗಳ ನೀರಿನ ಯೋಜನೆಗೆ ಕೂಡುನಿಧಿಯ ಮೂಲಕ 100 ಕೋಟಿ ಎತ್ತಲಾಯಿತು. ಕಾಪು, ಕಾರ್ಕಳದಂಥ ಪುರಸಭೆಗಳು ಒಂಟಿಯಾಗಿ ಮಾರುಕಟ್ಟೆಗೆ ಹೋಗಲಾರವು, ಒಟ್ಟಾದರೆ ದಾರಿಯಿದೆ. ಒಂದು ಲೆಕ್ಕ ನೋಡೋಣ, ಸಂಖ್ಯೆಗಳು ಬರೀ ಉದಾಹರಣೆಗೆ. ಕಟ್ಟಡಕ್ಕೆ 20 ಕೋಟಿ ಬೇಕು. ಅರ್ಧ ಅನುದಾನ ಬಂತು, 10 ಕೋಟಿ ಸಾಲ ತಂದೆವು. ಬಡ್ಡಿ ಶೇ. 8, ಅವಧಿ 15 ವರ್ಷ. ವರ್ಷದ ಕಂತು ಸುಮಾರು 1 ಕೋಟಿ 17 ಲಕ್ಷ. 1.45 ಲಕ್ಷ ಜನಸಂಖ್ಯೆಗೆ ಹಂಚಿದರೆ ತಲೆಗೆ ವರ್ಷಕ್ಕೆ ಸುಮಾರು 80 ರೂಪಾಯಿ. ಇದು ಊರಿಗೆ ಹೊರಲಾಗದ ಭಾರವಲ್ಲ. ಮುಂದಿನ ಪೀಳಿಗೆ ಬಳಸುವ ಕಟ್ಟಡದ ಖರ್ಚಿನಲ್ಲಿ ಮುಂದಿನವರ ಪಾಲೂ ಇರುವುದು ನ್ಯಾಯವೇ. ಆದರೆ ಬಾಕಿ ಬಿದ್ದ ಆಸ್ತಿ ತೆರಿಗೆಯನ್ನೂ ನೀರಿನ ಬಿಲ್ಲನ್ನೂ ವಸೂಲು ಮಾಡದ ಸಂಸ್ಥೆಗೆ ಯಾರು ಸಾಲ ಕೊಡುತ್ತಾರೆ? ಕಟ್ಟಡದ ಮೊದಲ ಕಲ್ಲು ತೆರಿಗೆ ವಸೂಲಾತಿಯ ಪುಸ್ತಕದಲ್ಲಿ ಬೀಳಬೇಕು.

ಇಷ್ಟು ಹೇಳಿದ ಮೇಲೂ ಮುಖ್ಯವಾದದ್ದು ಉಳಿದಿದೆ. ಕಟ್ಟಡ ಹಳತಾಗುವುದು ಒಂದು ದಿನದಲ್ಲಿ ಅಲ್ಲ. ಮೂವತ್ತು ನಲವತ್ತು ವರ್ಷ ನಮ್ಮ ಕಣ್ಣೆದುರಿಗೇ ಹಳತಾಗುತ್ತದೆ. ಅಷ್ಟು ದೀರ್ಘ ಮುನ್ಸೂಚನೆ ಸಿಕ್ಕಿಯೂ ಕೆಡವುವ ದಿನ ನಮ್ಮ ಬಳಿ ಒಂದು ರೂಪಾಯಿ ಕೂಡಿಟ್ಟದ್ದು ಇರುವುದಿಲ್ಲ. 2006ರ ಲೆಕ್ಕಪತ್ರ ಮತ್ತು ಬಜೆಟ್ ನಿಯಮಗಳು ಬಂದ ಮೇಲೆ ಕರ್ನಾಟಕದ ಪೌರಸಂಸ್ಥೆಗಳು ಸಂಚಯ ಪದ್ಧತಿಯಲ್ಲಿ, ಜೋಡಿ ನಮೂದಿನಲ್ಲಿ ಲೆಕ್ಕ ಬರೆಯುತ್ತವೆ. ಕಟ್ಟಡದ ಸವಕಳಿಯನ್ನು ಪ್ರತಿವರ್ಷ ಖರ್ಚೆಂದು ತೋರಿಸುತ್ತವೆ. ಲೆಕ್ಕದ ಪುಸ್ತಕ ವರ್ಷವರ್ಷವೂ ಈ ಕಟ್ಟಡ ಇಷ್ಟು ಸವೆಯಿತು ಎಂದು ನಮಗೆ ಹೇಳುತ್ತಲೇ ಇದೆ. ಆದರೆ ಆ ಸಂಖ್ಯೆಯ ಹಿಂದೆ ಬ್ಯಾಂಕಿನಲ್ಲಿ ಹಣವಿಲ್ಲ. ಜಪಾನಿನಲ್ಲಿ ಎಷ್ಟೋ ಊರುಗಳು ನಗರ ಕಚೇರಿಯ ನಿರ್ಮಾಣಕ್ಕೆಂದೇ ಉಪವಿಧಿ ಮಾಡಿ ಪ್ರತ್ಯೇಕ ನಿಧಿ ಇಟ್ಟು ವರ್ಷವರ್ಷ ಹಣ ಸೇರಿಸುತ್ತವೆ. ನಮಗೆ ಜಪಾನೇ ಬೇಕೆಂದಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ, ಮನೆಬಾಗಿಲಲ್ಲೇ ವಸೂಲು. ಮೀನು ಮಾರುವವರು, ಕೂಲಿಯವರು, ನೇಕಾರರು ಹೀಗೆ ಕೂಡಿಟ್ಟು ಮಕ್ಕಳನ್ನು ಓದಿಸಿದರು, ಮನೆಗೆ ಹಂಚು ಹಾಕಿಸಿದರು. ಆ ಊರಿನ ನಗರಸಭೆಗೆ ತನ್ನ ಮನೆಗಾಗಿ ಕೂಡಿಡಲು ಬಾರದೇ?

ಮತ್ತೆ ಉದಾಹರಣೆಯ ಲೆಕ್ಕವೇ. ಇವತ್ತಿನ 20 ಕೋಟಿಯ ಕಟ್ಟಡ, ವೆಚ್ಚ ವರ್ಷಕ್ಕೆ ಶೇ. 5 ಏರಿದರೆ, 30 ವರ್ಷದ ನಂತರ ಸುಮಾರು 86 ಕೋಟಿ ಆಗುತ್ತದೆ. ಕೇಳಿದರೆ ಎದೆ ನಡುಗುವ ಮೊತ್ತ. ಶೇ. 7ರ ಬಡ್ಡಿಗೆ ವರ್ಷಕ್ಕೆ 91-92 ಲಕ್ಷ ಇಡುತ್ತ ಹೋದರೆ ಅಷ್ಟೂ ಕೂಡುತ್ತದೆ. ತಲೆಗೆ ವರ್ಷಕ್ಕೆ 63 ರೂಪಾಯಿಯ ಆಸುಪಾಸು. ಅರ್ಧದಷ್ಟು ಇಟ್ಟರೂ ಅರ್ಧ ಕೈಯಲ್ಲಿರುತ್ತದೆ. ಅದರ ಜೊತೆಗೆ ಕಟ್ಟಡದ ವೆಚ್ಚದ ಶೇ. 2ರಷ್ಟನ್ನಾದರೂ ವರ್ಷದ ನಿರ್ವಹಣೆಗೆಂದು ಬೇರೆಯೇ ಇಡಬೇಕು. ಮಳೆಗಾಲಕ್ಕೆ ಮೊದಲು ದೋಣಿಹಂಚು, ಪೈಪು, ತಾರಸಿ ಸ್ವಚ್ಛ ಮಾಡಿಸುವ ಸಣ್ಣ ಬಿಲ್ಲು ಪಾಸಾಗದೆ ಹೋದದ್ದರಿಂದಲೇ ದೊಡ್ಡ ಕಟ್ಟಡಗಳು ಹಾಳಾಗುವುದನ್ನು ನಾನು ನೋಡಿದ್ದೇನೆ. ಸಣ್ಣ ಬಿಲ್ಲಿಗೆ ಉದ್ಘಾಟನೆಯಿಲ್ಲ, ಹಾಗಾಗಿ ಅದರ ಹಿಂದೆ ಓಡಾಡುವವರೂ ಇಲ್ಲ.

ಗುತ್ತಿಗೆಯ ಬಗ್ಗೆ ಒಂದೇ ಮಾತು. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗಾಗಿ ಕರ್ನಾಟಕ ಮಾಡಿದ 1999ರ ಕಾಯಿದೆ ಟೆಂಡರು ಕರೆಯಬೇಕೆನ್ನುತ್ತದೆ. ಅದರ 4(ಜಿ) ಕಲಮು ಸರಕಾರಕ್ಕೆ ವಿನಾಯಿತಿ ಕೊಡುವ ಅಧಿಕಾರ ಕೊಟ್ಟಿದೆ. ತುರ್ತಿನ ಹೆಸರಿನಲ್ಲಿ ಆ ಬಾಗಿಲಿನಿಂದ ಹೋಗುವ ಆಸೆ ಎಲ್ಲರಿಗೂ ಆಗುತ್ತದೆ. ನಲವತ್ತು ವರ್ಷ ಹಳತಾದ ಕಟ್ಟಡವನ್ನು ಬದಲಿಸುವುದರಲ್ಲಿ ತುರ್ತು ಎಲ್ಲಿಂದ ಬಂತು? ನಕ್ಷೆ, ಅಂದಾಜುಪಟ್ಟಿ, ಟೆಂಡರಿನ ದರ, ಅಳತೆ ಪುಸ್ತಕದ ಪ್ರಕಾರ ಪಾವತಿಯಾದ ಪ್ರತಿ ಬಿಲ್ಲು ಕಾಮಗಾರಿಯ ಜಾಗದಲ್ಲೇ ಕನ್ನಡದಲ್ಲಿ ಬರೆದು ತೂಗುಹಾಕಬೇಕು. ಜೀರ್ಣೋದ್ಧಾರ ಸಮಿತಿಗೆ ಇಷ್ಟವಿದ್ದವರು ಕೊಡುತ್ತಾರೆ. ನಗರಸಭೆಗೆ ಎಲ್ಲರೂ ಕಡ್ಡಾಯವಾಗಿ ಕೊಡುತ್ತಾರೆ. ಹಾಗಾಗಿ ಲೆಕ್ಕ ಒಪ್ಪಿಸುವ ಹೊಣೆ ಇಲ್ಲಿ ಇನ್ನೂ ಹೆಚ್ಚು.

ಪ್ರತಿವರ್ಷ ಬಜೆಟ್ಟಿಗೆ ಮೊದಲು ನಗರಸಭೆ, ಪುರಸಭೆಗಳು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ಪತ್ರಿಕೆಯಲ್ಲಿ ಎರಡು ಗೆರೆಯ ಪ್ರಕಟಣೆ ಬರುತ್ತದೆ, ಬರುವವರು ಬೆರಳೆಣಿಕೆಯವರು. ಈ ಸಲ ನೀವು ಹೋಗಿ. ಉಡುಪಿಯವರು ಉಡುಪಿಯಲ್ಲಿ, ಕಾಪುವಿನವರು ಕಾಪುವಿನಲ್ಲಿ, ಕಾರ್ಕಳದವರು ಕಾರ್ಕಳದಲ್ಲಿ ಹೋಗಿ. ಕಟ್ಟಡದ ಪರೀಕ್ಷಾ ವರದಿ ಎಲ್ಲಿದೆ, ಕಟ್ಟುವಾಗ ಕಚೇರಿ ಎಲ್ಲಿರುತ್ತದೆ ಎಂದು ಕೇಳಿ. ಕಟ್ಟಡ ಮೀಸಲು ನಿಧಿ ಎಂಬ ಒಂದು ಶೀರ್ಷಿಕೆಯನ್ನು ಬಜೆಟ್ಟಿನಲ್ಲಿ ತೆರೆದು, ಮೊದಲ ವರ್ಷ ಒಂದು ಲಕ್ಷವಾದರೂ ಸರಿ, ಅದರಲ್ಲಿ ಇಡುವಂತೆ ಒತ್ತಾಯಿಸಿ.